ನಿರ್ಜನ ಕಟ್ಟಡದ ನೀಲವ್ವ

ಜನರಿಲ್ಲದ ಮುಂಬಯಿಯನ್ನು ಕಣ್ತುಂಬ ನೋಡಬೇಕೆಂಬ ಆಸೆ, ದಿನವೂ ಮುಲುಂಡಿನಿಂದ ಲೋಕಲ್ ರೈಲಿನಲ್ಲಿ ಪರರ ಮೊಣಕೈಗಳನ್ನು ಪಕ್ಕೆಲುಬಿಗೆ ಧರಿಸಿಕೊಂಡು ಕಚೇರಿಗೆ ಹೋಗುವ ಗುಮಾಸ್ತನಿಗಲ್ಲದೆ ಇನ್ನಾರಿಗೆ ಬಂದೀತು ಹೇಳಿ? ಎಪ್ಪತ್ತರ ದಶಕದ ಮೊದಲ ವರ್ಷಗಳಲ್ಲಿ ನಾನೊಂದು ಹಳೆಯ ಕ್ಯಾಮೆರಾ ಕೊಂಡು, ರಾತ್ರಿಯ ಖಾಲಿ ಕಟ್ಟಡಗಳನ್ನು ಸೆರೆಹಿಡಿಯುವ ಕಲಾವಿದನಾದೆ. ವಿದ್ಯೆಯೇನೂ ಕಠಿಣವಲ್ಲ, ಕ್ಯಾಮೆರಾದ ಕಣ್ಣನ್ನು ಏಳೆಂಟು ನಿಮಿಷ ತೆರೆದಿಟ್ಟರೆ ಎದುರು ನಡೆದುಹೋದವರಾರೂ ಚಿತ್ರದಲ್ಲಿ ಮೂಡುವುದಿಲ್ಲ. ಹೀಗೆ ಅರ್ಧ ನಗರವನ್ನೇ ಮಾಯ ಮಾಡಿದ್ದೇನೆ. ನನ್ನ ಮೇಲಧಿಕಾರಿಯೊಬ್ಬರು ಮಾತ್ರ ಎದುರಿಗೆ ಸಿಗಲಿಲ್ಲ.

ಘಾಟ್ಕೋಪರಿನಲ್ಲಿ ಗೋಡೆ ಬಿರುಕುಬಿಟ್ಟ ಮೂರಂತಸ್ತಿನ ಚಾಳೊಂದನ್ನು ಬಾಡಿಗೆದಾರರು ತೆರವು ಮಾಡಿದ್ದಾರೆಂದು ಕೇಳಿ ಅಲ್ಲಿಗೂ ಹೋದೆ. ಚಿತ್ರ ಅದ್ಭುತವಾಗಿ ಬಂತು, ಮೇಲಂತಸ್ತಿನ ಒಂದು ಕಿಟಕಿಯಲ್ಲಿ ಸಾಸಿವೆಯಷ್ಟು ಬೆಳಕಿದ್ದುದನ್ನು ಬಿಟ್ಟರೆ. ನನ್ನ ಶೂನ್ಯಕ್ಕೆ ಕಳಂಕವಾಗಬಾರದೆಂದು ಅದಕ್ಕೆ ಸಣ್ಣ ಕುಂಚದಿಂದ ಮಸಿ ಬಳಿದು, ‘ನಿರ್ಜನ’ ಎಂದು ಹೆಸರಿಟ್ಟೆ. ಪ್ರದರ್ಶನದಲ್ಲಿ ಮೊದಲ ಬಹುಮಾನ ಬಂತು. ಪತ್ರಿಕೆಯಲ್ಲಿ ಅಚ್ಚೂ ಆಯಿತು. ವಿಮರ್ಶಕರೊಬ್ಬರಿಗೆ ಅದರಲ್ಲಿ ಮಾನವನ ಅನಾಥಪ್ರಜ್ಞೆ ಕಂಡಿತಂತೆ. ಅವರು ಬರೆದ ಮೇಲೆ ನನಗೂ ಕಂಡಿತು.

ಎರಡು ತಿಂಗಳ ನಂತರ ಒಂದು ಭಾನುವಾರ, ಪತ್ರಿಕೆಯವರಿಂದ ನನ್ನ ವಿಳಾಸ ಪಡೆದು ವಯಸ್ಸಾದ ಹೆಂಗಸೊಬ್ಬಳು ಮನೆಗೆ ಬಂದಳು. ಹೆಸರು ನೀಲವ್ವ, ಊರು ವಿಜಾಪುರದ ಕಡೆ. ಮೂವತ್ತು ವರ್ಷ ಕಟ್ಟಡಗಳಿಗೆ ಗಾರೆ ಹೊತ್ತವಳು. ಕೈಯಲ್ಲಿ ನನ್ನ ಚಿತ್ರವಿದ್ದ ಹಾಳೆ.

“ಈ ಫೋಟೋ ತಗದಾವ್ರು ನೀವೇನ್ರಿ ಸಾಹೇಬ್ರ?”

ಕೀರ್ತಿ ಇಷ್ಟು ದೂರ ಹಬ್ಬಿತೇ ಎಂದು ಹಿಗ್ಗಿ, ಹೌದೆಂದೆ.

“ಇದರಾಗ ನನ್ನ ದೀಪ ಎಲ್ಲಿ ಹೋತ್ರಿ? ನಾ ದಿನಾ ಹಚ್ತೀನಲ್ಲ.”

ಆ ಚಾಳಿನಿಂದ ಎಲ್ಲರೂ ಹೋದರೂ ಅವಳೊಬ್ಬಳು ಹೋಗಿರಲಿಲ್ಲ. ಅಲ್ಲಿ ಯಾರೂ ವಾಸವಿಲ್ಲ, ಬದಲಿ ಕೋಣೆ ಕೊಡುವ ಪ್ರಶ್ನೆಯೇ ಇಲ್ಲ ಎಂದು ಮಾಲೀಕ ಕೋರ್ಟಿನಲ್ಲಿ ವಾದಿಸುತ್ತಿದ್ದ. ಅದಕ್ಕವನು ಒದಗಿಸಿದ ಸಾಕ್ಷಿ ನನ್ನ ಕಲಾಕೃತಿ.

“ಆ ಖೋಲಿ ಹೋದ್ರ ನಾ ಎಲ್ಲಿಗೆ ಹೋಗ್ಲಿ, ನೀವ ಹೇಳ್ರಿ,” ಎಂದಳು. ಅನಾಥಪ್ರಜ್ಞೆಯ ಬಗ್ಗೆ ನನಗೆ ತಿಳಿದದ್ದೆಲ್ಲ ಆ ಕ್ಷಣ ಮರೆತುಹೋಯಿತು.

ನೀಲವ್ವನ ಪರವಾಗಿ ಸಾಕ್ಷಿ ಹೇಳಲು ಕೋರ್ಟಿನ ಕಟಕಟೆ ಹತ್ತಿದ ನನ್ನನ್ನು ಮಾಲೀಕನ ವಕೀಲರು, ಚಿತ್ರಕ್ಕೆ ‘ನಿರ್ಜನ’ ಎಂದು ಹೆಸರಿಟ್ಟವರು ತಾವೇ ಅಲ್ಲವೇ ಎಂದು ವಿನಯದಿಂದ ಕೇಳಿದರು. ಹೆಸರು ತಪ್ಪು, ದೀಪವಿತ್ತು, ಅಳಿಸಿದವನು ನಾನೇ ಎಂದು ಹೇಳಿ ನೆಗೆಟಿವ್ ಒಪ್ಪಿಸಿದೆ. ನ್ಯಾಯಾಧೀಶರು ಅದನ್ನು ಬೆಳಕಿಗೆ ಹಿಡಿದು, ಯಾವ ವಿಮರ್ಶಕರೂ ನೋಡದಷ್ಟು ಹೊತ್ತು ನೋಡಿದರು. ಬದಲಿ ಕೋಣೆ ಕೊಡದೆ ಕಟ್ಟಡ ಕೆಡವಕೂಡದೆಂದು ಆದೇಶವಾಯಿತು. ಬಹುಮಾನ ಕೊಟ್ಟ ಸಂಘದವರು ತಮ್ಮ ಬೆಳ್ಳಿಯ ಬಟ್ಟಲನ್ನು ಹಿಂದಕ್ಕೆ ತರಿಸಿಕೊಂಡರು. ಅದರಲ್ಲಿ ಚಮಚಗಳನ್ನಿಡತೊಡಗಿದ್ದ ನನ್ನ ಹೆಂಡತಿಗೆ ಮಾತ್ರ ನಿಜವಾದ ನಷ್ಟವಾಯಿತು.

ಹೊಸ ಕೋಣೆಗೆ ಬಂದ ದಿನ ನೀಲವ್ವ ನನ್ನನ್ನು ಕರೆಸಿ, ಹೊಸ್ತಿಲ ಮುಂದೆ ನಿಂತು, “ಈ ಸಲ ಫೋಟೋದಾಗ ನಾನೂ ಬರಬೇಕ್ ನೋಡ್ರಿ,” ಎಂದಳು. ಹಾಡುಹಗಲಲ್ಲಿ ಮನುಷ್ಯರ ಚಿತ್ರ ತೆಗೆದು ಅಭ್ಯಾಸವಿಲ್ಲದ ಕೈ ನನ್ನದು. ಫಿಲ್ಮ್ ತೊಳೆದು ನೋಡಿದರೆ ಬಾಗಿಲು, ಚೌಕಟ್ಟು, ಚಿಲಕವೆಲ್ಲ ಸ್ಪಷ್ಟವಾಗಿ ನಡುವಿನಲ್ಲಿದ್ದವು. ಚಿತ್ರದ ಅಂಚು ನೀಲವ್ವನನ್ನು ಉದ್ದಕ್ಕೆ ಸೀಳಿಹಾಕಿತ್ತು. ನಾಚುತ್ತಲೇ ಕೊಟ್ಟೆ. ಅವಳು ಸೆರಗಿನಿಂದ ಒರೆಸಿ, ಕಣ್ಣಿಗೆ ಹತ್ತಿರ ಹಿಡಿದು ನೋಡಿದಳು.

“ಅರ್ಧಾ ಬಂದೀನಿ,” ಎಂದಳು. “ಇರ್ಲಿ ಬಿಡ್ರಿ, ಹೋದ ಸಲಕಿಂತಾ ಛಲೋ.”