ಮ್ಯಾನೇಜರ್ ಕಂಡುಹಿಡಿದ ಗಿಡ

ಬರೆದು ಅಭ್ಯಾಸವಿಲ್ಲ, ಸಿಟ್ಟೂ ಇಳಿದಿಲ್ಲ. ಹೇಳುವುದು ಅಡ್ಡಾದಿಡ್ಡಿಯಾದರೆ ಕ್ಷಮಿಸಿ. ನಾನು ಗೋವಾದ ಒಂದು ರೆಸಾರ್ಟಿನಲ್ಲಿ ಮಾಲಿ, ಅಂದರೆ ತೋಟ ನೋಡಿಕೊಳ್ಳುವವನು. ಅಲ್ಲಿ ಮೆಡಿಟರೇನಿಯನ್ ತೋಟವಿದೆ, ಅಂದರೆ ಆಲಿವ್ ಮುಂತಾದ ಆ ಕಡೆಯ ಗಿಡಗಳದ್ದು. ಅದರಲ್ಲೊಂದು ಗಿಡದ ಹೆಸರು ಯಾರಿಗೂ ಗೊತ್ತಿರಲಿಲ್ಲ. ಬೆರಳು ಬಿಡಿಸಿದಂಥ ಎಲೆ, ನೀಲಿ ಹೂಗೊಂಚಲು.

ಬೆಳಗಾವಿ ಕಡೆಯ ನಮ್ಮ ಮ್ಯಾನೇಜರ್ ಅದನ್ನು ಕಂಡು ಅತಿಥಿಗಳ ಮುಂದೆಯೇ ಕೂಗಿದರು: "ಗಾಂಜಾ ಗಿಡ ಹಚ್ಚೀಯೇನಲೇ? ಪೊಲೀಸರನ್ನ ಕರಸ್ತೀನಿ!"

"ಆಲಿವ್ ಜೋಡಿ ಲಾರಿಯೊಳಗ ಬಂದದ್ದರೀ ಸಾಹೇಬ್ರ. ಹೂವರೆ ನೋಡ್ರಿ."

"ಎಲಿ ನೋಡಿದ್ರ ಸಾಕು, ನಿಮ್ಮಂಥಾವ್ರು ಗೊತ್ತಾಗ್ತಾರ."

ಮೈ ಉರಿಯಿತು. ಎಲೆ ತಿಕ್ಕಿ ಮೂಸಿದೆ. ಹೆಚ್ಚುಕಡಿಮೆ ಲಕ್ಕಿ ಸೊಪ್ಪಿನ ವಾಸನೆ. ಅವರ ಮೂಗಿಗೇ ಹಿಡಿದೆ. "ನಿಮ್ಮ ಮನ್ಯಾಗ ಬಾಣಂತಿಗೆ ಲಕ್ಕಿ ಹಾಕಿ ನೀರು ಕಾಸಿಲ್ಲೇನ್ರಿ? ಮೂಸಿ ಹೇಳ್ರಿ."

ಮೂಸಿದರು. ಅತಿಥಿಗಳ ಕಡೆ ತಿರುಗಿ, "ಇದು ಲಕ್ಕಿ, ನಮ್ಮ ಕಡೆ ಔಷಧಿ ಗಿಡ" ಎಂದರು, ತಾವೇ ಕಂಡುಹಿಡಿದವರಂತೆ.

ಆದರೆ ಇದು ಲಕ್ಕಿಯೂ ಅಲ್ಲ, ವಾಸನೆಯಷ್ಟೇ ಹತ್ತಿರ. ಯಾಕೆಂದರೆ ಲಕ್ಕಿಯ ಹೂ ತೀರ ಸಣ್ಣದು, ಇದರದ್ದು... ತಡೀರಿ, ಮ್ಯಾನೇಜರ್ ಕರೆಯುತ್ತಿದ್ದಾರೆ. 'ಲಕ್ಕಿ' ಅಂತ ದೊಡ್ಡ ಹಲಗೆ ಬರೆಸಿದ್ದಾರಂತೆ, ನಾನೇ ಹೋಗಿ ನೆಡಬೇಕಂತೆ.