ಶಾರ್ಕಿಗೆ ಟ್ಯೂನಾ, ನನ್ನ ಡಬ್ಬಿಗೆ ಗರಾಜು

ಟಿವಿ ತುಂಬ ಬಿಳಿ ಶಾರ್ಕ್ ಬಾಯಿ ತೆರೆದಾಗ ಹಾಲ್‌ನಲ್ಲಿದ್ದವರೆಲ್ಲ ಉಸಿರು ಬಿಗಿಹಿಡಿದರು. ಅಮೆರಿಕದ ಕೇಟಿ ಎಂಬ ಊರಿನಲ್ಲಿ, ಅಂಕಲ್ ಒಬ್ಬರ ಮನೆಯಲ್ಲಿ, ಎಲ್ಲರೂ ಒಂದೊಂದು ಅಡುಗೆ ತರುವ ಕನ್ನಡಿಗರ ಪಾಟ್‌ಲಕ್ ಊಟ. ದಕ್ಷಿಣ ಆಫ್ರಿಕಾದ ಕಡಲಲ್ಲಿ ಕಬ್ಬಿಣದ ಪಂಜರದೊಳಗೆ ನಿಂತು ಶಾರ್ಕ್ ನೋಡಿ ಬಂದ ಅವರು ಆ ವಿಡಿಯೊವನ್ನು ಮೂರನೇ ಸಲ ತೋರಿಸುತ್ತಿದ್ದರು. ಸರಳುಗಳ ಹಿಂದೆ ನಿಂತದ್ದಕ್ಕೆ ಇಷ್ಟೊಂದು ಪೌರುಷವೇ ಎಂದುಕೊಂಡೆ.

ನನ್ನ ಮನಸ್ಸೆಲ್ಲ ಕಾರು ನಿಲ್ಲಿಸುವ ಗರಾಜಿನಲ್ಲಿತ್ತು. ನಾನು ಮಲ್ಪೆಯ ಮೀನುಗಾರರ ಮನೆಯವಳು, ಇಲ್ಲಿ ಎಂ.ಎಸ್. ಓದುತ್ತಿದ್ದೇನೆ. ಅಮ್ಮನಿಗೆ ಫೋನ್ ಮಾಡಿ ಅಳತೆ ಕೇಳಿಕೊಂಡು ಬಂಗುಡೆ ಸಾರು ಮಾಡಿ ತಂದಿದ್ದೆ. ಅಂಕಲ್ ಬಾಗಿಲಲ್ಲೇ ತಡೆದು, "ನಮ್ಮನೇಲಿ ಮೀನಿನ ವಾಸನೆನೇ ಆಗಲ್ಲಮ್ಮ, ಗರಾಜ್‌ನಲ್ಲಿ ಇಟ್ಬಿಡು" ಎಂದಿದ್ದರು.

ಪರದೆಯ ಮೇಲೆ ಈಗ ಅದೇ ಅಂಕಲ್ ದೋಣಿಯ ಅಂಚಿನಲ್ಲಿ ಬಗ್ಗಿ, ಹಗ್ಗಕ್ಕೆ ಕಟ್ಟಿದ ಏನನ್ನೋ ನೀರಿಗೆ ಎಸೆಯುತ್ತಿದ್ದರು. ಅದು ಏನೆಂದು ನನಗೆ ನೋಡಿದ ಕೂಡಲೇ ಗೊತ್ತಾಯಿತು. ಆದರೂ ಕೇಳಿದೆ.

"ಟ್ಯೂನಾ ಮೀನಿನ ತಲೆ ಕಣಮ್ಮ. ಶಾರ್ಕ್ ಹತ್ರ ಬರ್ಲಿ ಅಂತ ನನ್ ಕೈಯಾರೆ ಕಟ್ಟಿ ಹಾಕ್ದೆ" ಎಂದರು, ಹೆಮ್ಮೆಯಿಂದ. ಎಲ್ಲರೂ ಚಪ್ಪಾಳೆ ತಟ್ಟಿದರು. ಅದರ ವಾಸನೆಯ ಬಗ್ಗೆ ಯಾರೂ ಕೇಳಲಿಲ್ಲ.

ಹೊರಡುವಾಗ ಡಬ್ಬಿ ತೆರೆದು ನೋಡಿದೆ. ಗರಾಜಿನ ಸೆಕೆಗೆ ಸಾರು ಹಳಸಿತ್ತು. ಮುಂದಿನ ತಿಂಗಳೂ ನಾನು ಬರಬೇಕಂತೆ, ಚಿತ್ರಾನ್ನ ತಂದರೆ ಸಾಕಂತೆ, ಅಂಕಲ್ ಹೇಳಿದರು. ಶಾರ್ಕನ್ನು ಹತ್ತಿರ ಕರೆಯಲು ಅವರು ಚಿತ್ರಾನ್ನ ಹಾಕಿರಲಿಲ್ಲ.