ಪಕ್ಕದ ಮನೆಯ ತವರು

ಮೊನ್ನೆ ಪೇಟೆಯಲ್ಲಿ ಚುರಮರಿ, ಅಂದರೆ ಮಂಡಕ್ಕಿ, ಹುರಿಯುವ ಭಟ್ಟಿಯ ಮುಂದೆ ಹಾದುಹೋಗುವಾಗ ಕಾದ ಉಸುಕಿನ ವಾಸನೆ ಮೂಗಿಗೆ ಬಡಿಯಿತು. ಕಾಲು ತಾನಾಗಿ ನಿಂತಿತು. ಮೂವತ್ತರ ದಶಕದಲ್ಲಿ ಶಿಗ್ಗಾಂವದ ನನ್ನ ಗಂಡನ ಮನೆಯ ಪಕ್ಕದಲ್ಲಿ ಚುರಮರಿ ಹುರಿದು ಮಾರುತ್ತಿದ್ದ ಅವ್ವ ನೆನಪಾದಳು...

ಅವ್ವ ಎಂದರೆ ಹೆತ್ತವಳಲ್ಲ. ನನ್ನ ತಾಯಿ ನನ್ನನ್ನು ಹಡೆದು ಬಾಣಂತಿ ನಂಜಿಗೆ ಹೋದವಳು. ನನ್ನ ಮದುವೆಯಾದ ವರ್ಷವೇ ಅಪ್ಪನೂ ತೀರಿದ. ಊರೆಲ್ಲ ಆಕೆಯನ್ನು ಅವ್ವ ಎನ್ನುತ್ತಿತ್ತು, ನಾನೂ ಎಂದೆ. ಬಾಯಿ ಬಲು ಜೋರು. ಸಂತೆಯಲ್ಲಿ ಚೀಲಕ್ಕಿಷ್ಟು ಎಂದು ಪಟ್ಟಿ, ಅಂದರೆ ಸುಂಕ, ಕೊಡಬೇಕಿತ್ತು. ಆಕೆ ಒಂದು ಚೀಲ ಮುಂದಿಟ್ಟುಕೊಂಡು ಉಳಿದವನ್ನು ನಮ್ಮ ಹಿತ್ತಲಲ್ಲಿ ಬಚ್ಚಿಡುತ್ತಿದ್ದಳು. ಆ ಒಂದು ಚೀಲಕ್ಕೂ ವಸೂಲಿಯವನ ಜೊತೆ ಜಗಳ. ತಮಾಷೆಯೆಂದರೆ, ಪಟ್ಟಿ ಹಾಕುವ ಲೋಕಲ್ ಬೋರ್ಡಿಗೆ ನಮ್ಮ ಮಾವನವರೇ ಮೆಂಬರರು. ಬಾಯಿಗೆ ಸೆರಗು ಹಿಡಿದು ನಗುತ್ತಿದ್ದೆ.

ನಾನು ಚೊಚ್ಚಲ ಬಸುರಿಯಾಗಿದ್ದಾಗ ಒಂದು ಸಂಜೆ ಮಾವನವರು ಮೋರೆ ಸಣ್ಣದು ಮಾಡಿಕೊಂಡು ಬಂದರು. ಸರ್ಕಾರ ಖರ್ಚು ಕಡಿತಕ್ಕೆ ಹೊರಟಿತ್ತು. ದವಾಖಾನೆಯ ನರ್ಸಬಾಯಿಯ ಅರ್ಧ ಪಗಾರ ಸರ್ಕಾರದ್ದು, ಅರ್ಧ ಬೋರ್ಡಿನದು. ಇನ್ನು ಮೇಲೆ ಪೂರ್ತಿ ಬೋರ್ಡೇ ಕೊಡಬೇಕಂತೆ. ಬೋರ್ಡಿನ ಕೈಯಲ್ಲೋ ಕಾಸಿಲ್ಲ. ಹೆರಿಗೆ ಮಾಡಿಸಲು ಇದ್ದ ಆ ಒಬ್ಬಾಕೆಯೂ ಗಂಟುಮೂಟೆ ಕಟ್ಟುವುದೇ ಸೈ ಎಂದರು. ನನ್ನ ತಾಯಿಯ ಗತಿಯೇ ನನಗೂ ಎಂದುಕೊಂಡು ಹಿತ್ತಲಿಗೆ ಹೋಗಿ ಅಳುತ್ತ ಕೂತೆ.

ಚೀಲ ಒಯ್ಯಲು ಬಂದ ಅವ್ವ ನೋಡಿದಳು, ಕೇಳಿದಳು, ಚೀಲ ಅಲ್ಲೇ ಬಿಟ್ಟು ನೇರ ಪಡಸಾಲೆಗೆ ನಡೆದಳು.

"ಸಾವಕಾರ್ರ, ಸಂತಿ ಪಟ್ಟಿ ಏರಸ್ರಿ. ಆ ನರ್ಸಬಾಯಾರ್ನ ಕಳಸಬ್ಯಾಡ್ರಿ."

ಮಾವನವರು ನಕ್ಕುಬಿಟ್ಟರು. "ಅಲ್ಲಬೇ, ಒಂದು ಚೀಲದ ಪಟ್ಟಿಗೆ ಊರು ಕೂಡಸ್ತಿ. ಈಗ ನೀನ ಏರಸ್ರಿ ಅಂತಿ?"

"ಆ ರೊಕ್ಕ ಎಲ್ಲಿಗೆ ಹೋಗತಿತ್ತೋ ನಮಗೇನ್ ಗೊತ್ತರಿ? ಇದು ಎಲ್ಲಿಗೆ ಹೋಗತೈತಿ ಅನ್ನೂದು ಗೊತ್ತೈತಿ. ಚೊಚ್ಚಲ ಬಾಣಂತನದ ಖರ್ಚು ತವರಮನೀದು. ಇಕಿಗೆ ತವರಿಲ್ಲ. ನಾ ಅದೀನ್ರಿ."

ಮಾವನವರು ನಗು ಬಿಟ್ಟು, ಬೋರ್ಡಿನಲ್ಲಿ ಮಾತೆತ್ತುತ್ತೇನೆ ಎಂದರು. ಬಾಗಿಲ ಹಿಂದೆ ನನಗೆ ಮತ್ತೆ ಅಳು ಬಂತು, ಈ ಸಲ ಬೇರೆ ಅಳು.

ಮುಂದಿನ ಸಂತೆಯಲ್ಲಿ ಆಕೆ ಪಟ್ಟಿ ಏರಿಸಲು ಒಪ್ಪಿರೆಂದು ಅಂಗಡಿಯಿಂದ ಅಂಗಡಿಗೆ ಹೋದಳು. ಬೋರ್ಡಿನವರು ನಿನಗೇನು ಕೊಟ್ಟರು ಎಂದು ಕಾಯಿಪಲ್ಲೆಯವರು ಛೇಡಿಸಿದರೆ, "ನಿಮ್ಮ ಸೊಸ್ತ್ಯಾರು ಹಡ್ಯಾಂಗಿಲ್ಲೇನು?" ಎಂದು ಕೇಳಿದಳಂತೆ. ಎಲ್ಲ ಚೀಲಗಳನ್ನೂ ಮುಂದಿಟ್ಟುಕೊಂಡು ವಸೂಲಿಯವನನ್ನು ತಾನೇ ಕರೆದಳು. ಅವನು ನಂಬದೆ ಚೀಲಗಳ ಹಿಂದೆಲ್ಲ ಇಣುಕಿ ನೋಡಿದನಂತೆ... ಬೋರ್ಡಿನಲ್ಲಿ ರಸ್ತೆ ಮೊದಲು ಎಂದು ತಕರಾರು ತೆಗೆದವರಿದ್ದರು. ಆದರೆ ಕೊಡುವವರೇ ಕೊಡುತ್ತೇವೆ ಎಂದಮೇಲೆ ಅವರ ಮಾತು ನಡೆಯಲಿಲ್ಲ. ನರ್ಸಬಾಯಿ ಉಳಿದರು.

ನನ್ನ ಹೆರಿಗೆ ಕಷ್ಟದ್ದೇ ಆಯಿತು. ನರ್ಸಬಾಯಿ ಇರದಿದ್ದರೆ ನಾನಿಲ್ಲ, ಮಗಳೂ ಇಲ್ಲ. ತಲೆದೆಸೆಯಲ್ಲಿ ಅವ್ವ ಕೂತಿದ್ದಳು. ಆಮೇಲೆ ಬಾಣಂತಿಗೆಂದು ಅಂಟಿನುಂಡಿ ಕಟ್ಟಿ ತಂದು, ನಾನು ತಿನ್ನುವತನಕ ಎದ್ದು ಹೋಗುತ್ತಿರಲಿಲ್ಲ.

ಈಗ ಊರಲ್ಲಿ ದೊಡ್ಡ ಆಸ್ಪತ್ರೆಯಿದೆ. ಹೋದ ತಿಂಗಳು ಮೊಮ್ಮಗಳು ಅಲ್ಲೇ ಹಡೆದಳು. ನರ್ಸ್ ಇರುತ್ತಾರೋ ಇಲ್ಲವೋ ಎಂದು ಮನೆಯಲ್ಲಿ ಯಾರೂ ಅಂಜಲಿಲ್ಲ. ಅದನ್ನು ಕಂಡು ನನಗೆ ಹಿಗ್ಗಾಯಿತು. ಅವ್ವ ಹೋಗಿ ಬಹಳ ವರ್ಷಗಳಾದವು. ಆಕೆ ಇದ್ದಷ್ಟು ದಿನ, ನಾಗರ ಪಂಚಮಿಗೆ ಓಣಿಯ ಸೊಸೆಯರೆಲ್ಲ ಚಕ್ಕಡಿ ಏರಿ ತವರಿಗೆ ಹೋದರೆ, ನಾನು ಹೊಸ ಸೀರೆ ಉಟ್ಟು ಪಕ್ಕದ ಮನೆಗೆ ಹೋಗುತ್ತಿದ್ದೆ. ಆಮೇಲೆ ಪಂಚಮಿಗೆ ನಾನು ಎಲ್ಲಿಗೂ ಹೋಗಿಲ್ಲ.